ಮಗು ರೆಡಿನಾ ಅಂತ ಕೇಳ್ತೀರಿ, ಮನೆ ರೆಡಿನಾ?

ಮೈಸೂರು: ವಿಜಯದಶಮಿ ಹತ್ತಿರ ಬಂತೆಂದರೆ ಸಂಗೀತದ ಮೇಷ್ಟ್ರುಗಳ ಮನೆ ಬಾಗಿಲಲ್ಲಿ ಪುಟ್ಟ ಪುಟ್ಟ ಚಪ್ಪಲಿಗಳು ಜಾಸ್ತಿಯಾಗುತ್ತವೆ. ಆ ದಿನ ಶುರು ಮಾಡಿದ ವಿದ್ಯೆ ಕೈಬಿಡುವುದಿಲ್ಲ ಎಂಬುದು ಹಳೆಯ ನಂಬಿಕೆ. ಹಿಂದೆ ಹಾಡುಗಾರಿಕೆ, ವೀಣೆ, ಪಿಟೀಲು, ಮೃದಂಗ ಎಂದಿದ್ದ ಪಟ್ಟಿಗೆ ಈಗ ಪಿಯಾನೋ ಕೂಡ ಸೇರಿಕೊಂಡಿದೆ. ಬಡಾವಣೆಯ ಅಡ್ಡರಸ್ತೆಗಳಲ್ಲಿ ಟ್ಯೂಷನ್ ಬೋರ್ಡಿನ ಪಕ್ಕದಲ್ಲೇ ಕೀಬೋರ್ಡ್ ಕ್ಲಾಸಿನ ಬೋರ್ಡೂ ನೇತಾಡುತ್ತದೆ.

ಸೇರಿಸಲು ಬಂದವರ ಮೊದಲ ಪ್ರಶ್ನೆ ಒಂದೇ. "ಮಗೂಗೆ ನಾಲ್ಕು ತುಂಬ್ತು ಸಾರ್, ಸೇರಿಸ್ಬಹುದಾ?" ಅದರ ಹಿಂದೆಯೇ ಇನ್ನೊಬ್ಬರದು: "ನಮ್ಮ ಹುಡುಗನಿಗೆ ಹತ್ತಾಗೋಯ್ತು ಮೇಡಂ, ಲೇಟಾಯ್ತಾ?" ಒಬ್ಬರಿಗೆ ಬಸ್ಸು ಬರುವ ಮೊದಲೇ ಓಡುವ ಆತುರ, ಇನ್ನೊಬ್ಬರಿಗೆ ಬಸ್ಸು ಹೋಗಿಯೇಬಿಟ್ಟಿತೆಂಬ ಗಾಬರಿ.

ವಯಸ್ಸು ಕೇಳುವುದು ಸುಲಭ. ಬರ್ತ್ ಸರ್ಟಿಫಿಕೇಟ್ ತೆಗೆದರೆ ಉತ್ತರ ಸಿಕ್ಕಿಬಿಡುತ್ತದೆ. ಆದರೆ ಪಿಯಾನೋ ಪಾಠದ ವಿಷಯದಲ್ಲಿ ಆ ಉತ್ತರದಿಂದ ಹೆಚ್ಚು ಪ್ರಯೋಜನವಿಲ್ಲ. ನೋಡಬೇಕಾದ ಸಂಗತಿ ಎರಡು. ಮಗುವಿನ ಕಿವಿ, ಕೈ, ಮನಸ್ಸು ಎಲ್ಲಿಗೆ ಬಂದಿವೆ ಎಂಬುದು ಒಂದು. ದಿನಕ್ಕೆ ಕಾಲು ಗಂಟೆ ಆ ಮಗುವಿನ ಪಕ್ಕ ಕೂರಲು ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಅಷ್ಟಿಷ್ಟು ಜನ ನೋಡುತ್ತಾರೆ. ಎರಡನೆಯದನ್ನು ನೋಡುವವರು ಕಡಿಮೆ. ಪಾಠ ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಅಲ್ಲೇ.

ನಿಂತರೆ ಏನು ಮಹಾ, ದುಡ್ಡು ಹೋಯಿತು ಅಷ್ಟೇ ಎನ್ನುವವರಿದ್ದಾರೆ. ದುಡ್ಡು ಹೋದರೆ ಹೋಗಲಿ, ಮುಂದಿನ ಹಬ್ಬದ ವ್ಯಾಪಾರದಲ್ಲಿ ಬಂದೀತು. "ನನಗೆ ಸಂಗೀತ ಹತ್ತಲ್ಲ" ಎಂದು ಆರನೇ ವಯಸ್ಸಿಗೇ ಮಗು ತನ್ನ ಮೇಲೆ ತಾನೇ ಒಂದು ತೀರ್ಪು ಬರೆದುಕೊಂಡುಬಿಟ್ಟರೆ ಅದನ್ನು ಅಳಿಸುವುದು ಕಷ್ಟ. ಎಷ್ಟೋ ಜನ ನಲವತ್ತು ದಾಟಿದರೂ ಅದೇ ತೀರ್ಪು ಹೊತ್ತುಕೊಂಡು ತಿರುಗುತ್ತಿದ್ದಾರೆ.

ಅರಮನೆ ಊರಿಗೆ ಇದು ಹೊಸದಲ್ಲ

ಪಿಯಾನೋ ಎಂದರೆ ಏನೋ ಫಾರಿನ್ ಶೋಕಿ ಎಂದು ಮೂಗು ಮುರಿಯುವವರಿಗೆ ಒಂದು ಮಾತು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೋ ಕ್ರಿಸ್ಟೋಫೊರಿ ಎಂಬ ಕುಶಲಕರ್ಮಿ ಕಟ್ಟಿದ ಈ ವಾದ್ಯ ಮೈಸೂರಿಗೆ ಬಂದು ಕಾಲವಾಯಿತು. ಜಯಚಾಮರಾಜ ಒಡೆಯರು ಪಿಯಾನೋ ಶಾಸ್ತ್ರೋಕ್ತವಾಗಿ ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. ಕಛೇರಿ ಪಿಯಾನಿಸ್ಟ್ ಆಗಬೇಕೆಂಬ ಹಂಬಲ ಅವರಿಗಿತ್ತು. 1940ರ ಮಾರ್ಚಿಯಲ್ಲಿ ತಂದೆ ಯುವರಾಜರು ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಪಿಯಾನೋ ಮುಂದೆ ಕೂರಬೇಕೆಂದಿದ್ದ ಯುವಕ ಸಿಂಹಾಸನದ ಮೇಲೆ ಕೂರಬೇಕಾಯಿತು.

ಆದರೆ ಸಂಗೀತ ಅವರ ಕೈಬಿಡಲಿಲ್ಲ. ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳ ರೆಕಾರ್ಡಿಂಗಿಗೆ ಹಣ ಒದಗಿಸಿದ್ದು ಮೈಸೂರಿನ ಮಹಾರಾಜರೇ. ಮುಂದೆ ಇದೇ ಮಹಾರಾಜರು ಕರ್ನಾಟಕ ಸಂಗೀತದ ಕಡೆ ತಿರುಗಿ 94 ಕೃತಿಗಳನ್ನು ರಚಿಸಿದರು. ಒಂದು ವಾದ್ಯದಲ್ಲಿ ಹದವಾದ ಕಿವಿ ಇನ್ನೊಂದು ಸಂಗೀತಕ್ಕೂ ಒದಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಅರಮನೆಯ ಮಾತು ಬಿಡಿ, ಅಲ್ಲಿ ಎಲ್ಲವೂ ಇತ್ತು ಎನ್ನಬಹುದು. ಸರಿಯೇ. ಗಮನಿಸಬೇಕಾದ್ದು ಅದನ್ನೇ. ಅಲ್ಲಿ ಮಗುವಿಗಿಂತ ಮುಂಚೆ ಮನೆ ತಯಾರಾಗಿತ್ತು. ಮನೆ ತುಂಬ ಸಂಗೀತವಿತ್ತು.

ಬುದ್ಧಿ ಹೆಚ್ಚುತ್ತದೆ ಎಂಬ ವ್ಯಾಪಾರ

ನಾಲ್ಕು ವರ್ಷಕ್ಕೇ ಸೇರಿಸುವ ಆತುರ ಎಲ್ಲಿಂದ ಬಂತು? ಪಿಯಾನೋ ಕಲಿತರೆ ಲೆಕ್ಕದಲ್ಲಿ ನೂರಕ್ಕೆ ನೂರು ಬರುತ್ತದೆ, ಮೊಸಾರ್ಟ್ ಕೇಳಿಸಿದರೆ ಬುದ್ಧಿ ಚುರುಕಾಗುತ್ತದೆ ಎಂಬ ಮಾತು ಊರೆಲ್ಲ ಹರಡಿದೆ. ಇದರ ಮೂಲ 1993ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಪುಟ್ಟ ಪ್ರಯೋಗ. ಅದರಲ್ಲಿ ಇದ್ದವರು ಮಕ್ಕಳಲ್ಲ, 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಅವರು ಪಿಯಾನೋ ಕಲಿಯಲೂ ಇಲ್ಲ, ಮೊಸಾರ್ಟ್‌ನ ಒಂದು ಸೊನಾಟಾ 10 ನಿಮಿಷ ಕೇಳಿದರು ಅಷ್ಟೇ. ಕಾಗದ ಮಡಿಸಿ ಕತ್ತರಿಸಿದರೆ ಯಾವ ಆಕಾರ ಬರುತ್ತದೆ ಎಂಬಂಥ ಲೆಕ್ಕದಲ್ಲಿ ಸ್ವಲ್ಪ ಮುಂದೆ ಬಂದರು. ಆ ಚುರುಕೂ ಕಾಲು ಗಂಟೆಯೊಳಗೆ ಇಳಿದುಹೋಯಿತು.

ಇಷ್ಟನ್ನೇ ಹಿಡಿದು ಕ್ಯಾಸೆಟ್ಟು, ಸಿ.ಡಿ. ಮಾರುವವರು ಕೋಟಿ ಮಾಡಿಕೊಂಡರು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರು ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಕ್ಯಾಸೆಟ್ ಕೊಡಬೇಕೆಂದು ಬಜೆಟ್ಟಿನಲ್ಲೇ ಹಣ ಕೇಳಿದರು. ಮಾಲಿಗಿಂತ ಪ್ಯಾಕಿಂಗು ಜೋರಾಗಿದ್ದರೆ ಏನಾಗುತ್ತದೆಂದು ಅಂಗಡಿ ನಡೆಸುವವರಿಗೆ ಹೇಳಿಕೊಡಬೇಕಿಲ್ಲ.

ನಿಜವಾಗಿ ಮಕ್ಕಳಿಗೆ ಪಾಠ ಮಾಡಿಸಿ ನೋಡಿದವರೂ ಇದ್ದಾರೆ. ಕೆನಡಾದಲ್ಲಿ ಗ್ಲೆನ್ ಶೆಲೆನ್‌ಬರ್ಗ್ ಎಂಬ ಪ್ರೊಫೆಸರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ವರ್ಷದ 144 ಮಕ್ಕಳನ್ನು ಆರಿಸಿ ಕೆಲವರಿಗೆ ಕೀಬೋರ್ಡ್, ಕೆಲವರಿಗೆ ಹಾಡು, ಕೆಲವರಿಗೆ ನಾಟಕ ಕಲಿಸಿದರು. ಉಳಿದವರಿಗೆ ಏನೂ ಇಲ್ಲ. ವರ್ಷದ ಕೊನೆಗೆ ಸಂಗೀತ ಕಲಿತ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮುಂದಿದ್ದದ್ದು ಸುಮಾರು 3 ಅಂಕದಷ್ಟು ಮಾತ್ರ. ನಾಟಕ ಕಲಿತ ಮಕ್ಕಳು ನಾಲ್ಕು ಜನರೊಡನೆ ಬೆರೆಯುವುದರಲ್ಲಿ ಮುಂದಿದ್ದರು. ಹಾಗೆ ನೋಡಿದರೆ ಬೇಸಿಗೆಯಲ್ಲಿ ರಂಗಾಯಣದ ಚಿಣ್ಣರ ಮೇಳಕ್ಕೆ ಕಳಿಸಿದರೂ ಲಾಭವೇ.

ಮಾರ್ಕ್ಸ್ ಆಸೆಗೆ ಪಿಯಾನೋ ಕೊಡಿಸುವವರು ಆ ದುಡ್ಡಿನಲ್ಲಿ ಲೆಕ್ಕದ ಟ್ಯೂಷನ್ನಿಗೇ ಕಳಿಸುವುದು ಮೇಲು. ಪಿಯಾನೋ ಕಲಿಸಬೇಕಾದ್ದು ಪಿಯಾನೋಗಾಗಿ.

ನಾಲ್ಕೂ ಸರಿ, ಇಪ್ಪತ್ತೈದೂ ಸರಿ

"ಹಾಗಾದ್ರೆ ಸಣ್ಣ ವಯಸ್ಸಿನಲ್ಲಿ ಕಲಿತರೆ ಏನೂ ವ್ಯತ್ಯಾಸವೇ ಇಲ್ವಾ?" ಎಂದರೆ, ಇದೆ. ಏಳು ವರ್ಷಕ್ಕೆ ಮುಂಚೆ ವಾದ್ಯ ಹಿಡಿದು ಮುಂದೆ ಸಂಗೀತಗಾರರಾದವರ ಮಿದುಳಿನಲ್ಲಿ ಎಡ ಬಲ ಭಾಗಗಳನ್ನು ಜೋಡಿಸುವ ಸೇತುವೆಯ ಮುಂಭಾಗ ಹೆಚ್ಚು ದಪ್ಪವಾಗಿರುವುದನ್ನು 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದರೆ ಅಲ್ಲಿ ಅಳೆದದ್ದು ವರ್ಷಾನುಗಟ್ಟಲೆ ಬಿಡದೆ ನುಡಿಸಿದವರನ್ನು. ನಾಲ್ಕಕ್ಕೆ ಸೇರಿ ಐದಕ್ಕೆ ಬಿಟ್ಟವರನ್ನಲ್ಲ. ಬೇಗ ಶುರು ಮಾಡಿದ್ದಷ್ಟೇ ಸಾಲದು, ಮುಂದುವರಿದದ್ದೂ ಲೆಕ್ಕಕ್ಕೆ ಬರುತ್ತದೆ.

ಸಿನಿಮಾ ಹಾಡಿನಿಂದ ಎರಡು ಉದಾಹರಣೆ ತೆಗೆದುಕೊಳ್ಳಿ. ಎ.ಆರ್. ರೆಹಮಾನ್ ಪಿಯಾನೋ ಶುರು ಮಾಡಿದ್ದು ನಾಲ್ಕನೇ ವಯಸ್ಸಿನಲ್ಲಿ. ತಂದೆ ಆರ್.ಕೆ. ಶೇಖರ್ ಸ್ವತಃ ಸಂಗೀತ ನಿರ್ದೇಶಕರು. ಮನೆಯಲ್ಲಿ ವಾದ್ಯಗಳಿದ್ದವು, ನುಡಿಸುವ ತಂದೆ ಇದ್ದರು. ಇಳಯರಾಜ ತಮಿಳುನಾಡಿನ ಹಳ್ಳಿಯಿಂದ ಬಂದವರು. ಹಾರ್ಮೋನಿಯಂ ಹಿಡಿದು ಅಣ್ಣನ ತಂಡದ ಜೊತೆ ಊರೂರು ಸುತ್ತಿದವರು. ಧನರಾಜ್ ಮಾಸ್ಟರ ಬಳಿ ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಕಲಿಯತೊಡಗಿದ್ದು 1968ರಲ್ಲಿ ಮದ್ರಾಸಿಗೆ ಬಂದ ಮೇಲೆ, ಆಗಲೇ 25ರ ಆಸುಪಾಸು. ಕನ್ನಡದ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದೇ ಅವರು ಮೇಲೆ ಬಂದದ್ದು. ಒಬ್ಬರು ನಾಲ್ಕಕ್ಕೆ, ಇನ್ನೊಬ್ಬರು ಇಪ್ಪತ್ತೈದಕ್ಕೆ. ಇಬ್ಬರ ಹಾಡೂ ಬಸ್ಸಿನಲ್ಲಿ ಕೇಳಿಸುತ್ತದೆ.

ಮೊಸಾರ್ಟ್ ಮೂರು ನಾಲ್ಕು ವರ್ಷಕ್ಕೇ ನುಡಿಸುತ್ತಿದ್ದ ಎಂಬುದೂ ನಿಜ. ಆದರೆ ಅವನ ತಂದೆ ಲಿಯೊಪೊಲ್ಡ್ ಪಿಟೀಲು ಕಲಿಸುವ ಪುಸ್ತಕ ಬರೆದ ಮೇಷ್ಟ್ರು. ಅಕ್ಕ ನ್ಯಾನೆರ್ಲ್‌ಗೆ ಏಳೆಂಟು ವರ್ಷವಾದಾಗ ಪಾಠ ಶುರುವಾಯಿತು. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ತಮ್ಮ ತಾನೂ ಕೈಯಿಟ್ಟ. ಮಗುವನ್ನು ಕ್ಲಾಸಿಗೆ ಸೇರಿಸಿದ್ದಲ್ಲ, ಕ್ಲಾಸೇ ಮನೆಯಲ್ಲಿತ್ತು.

2019ರಲ್ಲಿ ಚೆನ್ನೈನ ಹುಡುಗ ಲಿಡಿಯನ್ ನಾದಸ್ವರಂ ಅಮೆರಿಕದ ಟಿ.ವಿ. ಸ್ಪರ್ಧೆಯಲ್ಲಿ 10 ಲಕ್ಷ ಡಾಲರ್ ಗೆದ್ದಾಗ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಬೈಗುಳ ಬಿತ್ತು: "ನೋಡು ಅವನನ್ನ, ನೀನೂ ಇದ್ದೀಯ!" ಆ ಹುಡುಗನ ತಂದೆಯೂ ಸಂಗೀತ ನಿರ್ದೇಶಕರೆಂಬುದನ್ನು ಬೈದವರು ಹೇಳಲಿಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆ

ಹಾಗಾದರೆ ಸಾಮಾನ್ಯರ ಮನೆಯಲ್ಲಿ ಏನು ನೋಡಬೇಕು? ದುಡ್ಡು ಖರ್ಚಿಲ್ಲದ, ಒಂದು ಭಾನುವಾರ ಸಂಜೆ ಮುಗಿಯುವ ಪರೀಕ್ಷೆ ಇಲ್ಲಿದೆ. ಪರೀಕ್ಷೆ ಎಂದು ಮಗುವಿಗೆ ಹೇಳಬಾರದು, ಆಟವೆನ್ನಬೇಕು.

ಒಂದು, ಕೂರುವುದು. ಮೊಬೈಲು, ಟಿ.ವಿ. ಇಲ್ಲದೆ ಚಿತ್ರಕ್ಕೆ ಬಣ್ಣ ಹಚ್ಚುವುದೋ, ಹೂ ಪೋಣಿಸುವುದೋ, ಒಂದೇ ಕೆಲಸದಲ್ಲಿ 15 ನಿಮಿಷ ಕೂರುತ್ತದೆಯೇ? ಐದು ನಿಮಿಷಕ್ಕೆ ಎದ್ದು ಓಡುವ ಮಗು ಕೆಟ್ಟ ಮಗುವಲ್ಲ, ಇನ್ನೂ ಹೊತ್ತಾಗಿಲ್ಲ ಅಷ್ಟೇ.

ಎರಡು, ಬೆರಳು. ಟೇಬಲ್ ಮೇಲೆ ಅಂಗೈ ಊರಿಸಿ "ಮೂರನೇ ಬೆರಳು ಮಾತ್ರ ಎತ್ತು, ಈಗ ಎರಡು, ಈಗ ನಾಲ್ಕು" ಎನ್ನಿ. ಪಿಯಾನೋ ಪಾಠದಲ್ಲಿ ಹೆಬ್ಬೆರಳು 1, ಕಿರುಬೆರಳು 5. ಉಂಗುರದ ಬೆರಳು ಸರಿಯಾಗಿ ಏಳದಿದ್ದರೆ ಚಿಂತೆಯಿಲ್ಲ, ಅದು ದೊಡ್ಡವರಿಗೂ ಏಳುವುದಿಲ್ಲ, ಅಲ್ಲಿಯ ಸ್ನಾಯುರಜ್ಜುಗಳು ಅಕ್ಕಪಕ್ಕದ ಬೆರಳಿನವಕ್ಕೆ ಅಂಟಿಕೊಂಡಿರುತ್ತವೆ. ಆದರೆ ಒಂದು ಬೆರಳು ಎತ್ತು ಎಂದರೆ ಐದೂ ಏಳುತ್ತಿದ್ದರೆ ಸ್ವಲ್ಪ ಕಾಯಬೇಕು. ಎಡಗೈ ಯಾವುದು, ಬಲಗೈ ಯಾವುದು ಎಂದು ತಡಬಡಾಯಿಸದೆ ತೋರಿಸಬೇಕು.

ಮೂರು, ತಾಳ. ಗೊತ್ತಿರುವ ಹಾಡಿಗೆ ಚಪ್ಪಾಳೆ ತಟ್ಟಲಿ. ಹಾಡು ನಿಧಾನವಾದಾಗ ಚಪ್ಪಾಳೆಯೂ ನಿಧಾನವಾಗುತ್ತದೆಯೇ, ಇಲ್ಲ ತನ್ನ ಪಾಡಿಗೆ ಓಡುತ್ತದೆಯೇ ನೋಡಿ.

ನಾಲ್ಕು, ಕಿವಿ. ಎರಡು ಸ್ವರ ಹಾಡಿ "ಯಾವುದು ಮೇಲೆ, ಯಾವುದು ಕೆಳಗೆ?" ಎಂದು ಕೇಳಿ. ಹಾಡಲು ಬಾರದ ಮನೆಯಲ್ಲಿ ಎರಡು ಲೋಟಕ್ಕೆ ಬೇರೆ ಬೇರೆ ಮಟ್ಟಕ್ಕೆ ನೀರು ಹಾಕಿ ಚಮಚದಿಂದ ತಟ್ಟಿದರೂ ಸಾಕು.

ಐದು, ಅಕ್ಷರ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳಿಗೆ ಎ ಯಿಂದ ಜಿ ವರೆಗೆ ಏಳೇ ಅಕ್ಷರ. ಯು.ಕೆ.ಜಿ. ಮಗುವಿಗೆ ಮುಂದಕ್ಕೆ ಬರುತ್ತದೆ. ಹಿಂದಕ್ಕೆ, ಜಿ ಯಿಂದ ಎ ಗೆ ಹೇಳಲು ಬಂದರೆ ನೊಟೇಷನ್ ಓದುವುದು ಸಲೀಸು.

ಆರು, ತಿದ್ದಿಸಿಕೊಳ್ಳುವುದು. ಮನೆಯವರಲ್ಲದ ಒಬ್ಬ ದೊಡ್ಡವರು "ಹೀಗಲ್ಲ, ಹೀಗೆ" ಎಂದರೆ ಮಗು ಅತ್ತುಬಿಡುತ್ತದೆಯೋ, ಮತ್ತೆ ಮಾಡುತ್ತದೆಯೋ? ಪಾಠವೆಂದರೆ ವಾರಕ್ಕೊಮ್ಮೆ ಅರ್ಧ ಗಂಟೆ "ಹೀಗಲ್ಲ, ಹೀಗೆ" ಎನ್ನಿಸಿಕೊಳ್ಳುವುದೇ.

ಆರರಲ್ಲಿ ನಾಲ್ಕಾದರೂ ಬಂದರೆ ಮೇಷ್ಟ್ರ ಬಳಿ ಕರೆದೊಯ್ಯಬಹುದು. ಹೆಚ್ಚಿನ ಮಕ್ಕಳಿಗೆ ಇದೆಲ್ಲ ಕೂಡಿಬರುವುದು ಆರು ಏಳರ ಹೊತ್ತಿಗೆ. ಕೆಲವರಿಗೆ ಐದಕ್ಕೇ ಬರುತ್ತದೆ, ಕೆಲವರಿಗೆ ಎಂಟಾಗುತ್ತದೆ. ಅದಕ್ಕಿಂತ ಚಿಕ್ಕವರಿಗೆ ಹಾಡು, ಕುಣಿತ, ಚಪ್ಪಾಳೆ, ಭಜನೆಯ ತಾಳ, ಇಷ್ಟು ಸಾಕು. ಒಂಬತ್ತು ಹತ್ತಕ್ಕೆ ಬಂದ ಮಗು ತಡವಾಯಿತೆಂದು ಅಳಬೇಕಿಲ್ಲ. ಓದು ಬರುತ್ತದೆ, ಲೆಕ್ಕ ಬರುತ್ತದೆ, ಕೈ ದೊಡ್ಡದಿರುತ್ತದೆ. ಐದು ವರ್ಷದ ಮಗು ವರ್ಷವಿಡೀ ಕಲಿಯುವುದನ್ನು ಅದು ಕೆಲವೇ ತಿಂಗಳಲ್ಲಿ ಮುಗಿಸಿಬಿಡುತ್ತದೆ.

ಸರಳೆ ವರಸೆ ಕಲಿತ ಮಗುವಿಗೆ ಇನ್ನೂ ಒಂದು ಅನುಕೂಲ. ಪಿಯಾನೋದ ಬಿಳಿ ಮನೆಗಳನ್ನು ಸಿ ಯಿಂದ ಸಿ ಗೆ ಸಾಲಾಗಿ ಒತ್ತಿದರೆ ಅದೇ ಶಂಕರಾಭರಣದ ಸ್ವರಗಳು. ಅದೇ ಸಿ ಯನ್ನು ಷಡ್ಜ ಮಾಡಿಕೊಂಡು ಎರಡು ಕರಿ ಮನೆ ಸೇರಿಸಿದರೆ ಮಾಯಾಮಾಳವಗೌಳ ಸಿಗುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಸಂಸ್ಕೃತ ಸಾಹಿತ್ಯ ಹಾಕಿದ ನೋಟುಸ್ವರಗಳನ್ನು ಹಾಡುವ ಮಗು ಪಿಯಾನೋದ ಅರ್ಧ ದಾರಿ ಬಂದಂತೆಯೇ. ಒಂದು ಮಾತು ಮಾತ್ರ ನೆನಪಿರಲಿ: ಪಿಯಾನೋದಲ್ಲಿ ಗಮಕ ಬರುವುದಿಲ್ಲ. ಮಗು ವೀಣೆಯ ಹಾಗೆ ನುಡಿಸಲಿ ಎಂದು ಆಸೆಪಡುವವರು ವೀಣೆಯನ್ನೇ ಕೊಡಿಸಬೇಕು.

ಈಗ ಮನೆಯ ಸರದಿ

ಮಗು ಪಾಸಾಯಿತು ಎನ್ನಿ. ಮನೆ ಪಾಸಾಗಬೇಕಲ್ಲ? ಮೇಷ್ಟ್ರ ಬಳಿ ಮಗು ಇರುವುದು ವಾರಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು. ಉಳಿದ ಆರು ದಿನ ಮನೆಯಲ್ಲಿ. ದಿನಕ್ಕೆ 10ರಿಂದ 15 ನಿಮಿಷ ಕೈಯಾಡಿಸದಿದ್ದರೆ ಮುಂದಿನ ವಾರ ಅದೇ ಪಾಠ, ಅದೇ ಬೈಗುಳ. ಮೂರು ತಿಂಗಳಾದರೆ ಮಗುವಿಗೂ ಬೇಜಾರು, ಮೇಷ್ಟ್ರಿಗೂ ಬೇಜಾರು.

ಅಂಗಡಿಯವರ ಮನೆಯಲ್ಲಿ ಅಪ್ಪ ಬಾಗಿಲು ಹಾಕಿ ಬರುವುದು ರಾತ್ರಿ ಒಂಬತ್ತೂವರೆಗೆ. ನಂಜನಗೂಡಿಂದಲೋ ಮಂಡ್ಯದಿಂದಲೋ ದಿನಾ ಬಸ್ಸಿನಲ್ಲಿ ಓಡಾಡುವವರು ಮನೆ ಸೇರುವಾಗ ಎಂಟಾಗಿರುತ್ತದೆ. ಅಷ್ಟೊತ್ತಿಗೆ ಮಗು ತೂಕಡಿಸುತ್ತಿರುತ್ತದೆ. "ಎಲ್ಲಿ, ಇವತ್ತು ನುಡಿಸಿದ್ಯಾ?" ಎಂದು ಆಗ ಕೇಳಿ ಫಲವಿಲ್ಲ. ಇಂಥ ಮನೆಗೆ ಬೆಳಗಿನ ಹೊತ್ತೇ ಸರಿ. ಒಲೆ ಮೇಲೆ ಹಾಲು ಕಾಯುವಷ್ಟು ಹೊತ್ತು, ಸ್ಕೂಲ್ ವ್ಯಾನ್ ಬರುವ ಮುಂಚಿನ ಕಾಲು ಗಂಟೆ, ದಿನಾ ಅದೇ ಹೊತ್ತಿಗೆ.

ಪಕ್ಕದಲ್ಲಿ ಕೂರುವವರಿಗೆ ಸಂಗೀತ ಬರಬೇಕೆಂದೇನೂ ಇಲ್ಲ. ಅಜ್ಜ ಇದ್ದರೆ ಅಜ್ಜನೇ ಸಾಕು. "ಮೇಷ್ಟ್ರು ಎಷ್ಟು ಸಲ ನುಡಿಸು ಅಂದ್ರು? ಮೂರು? ಆಯ್ತು, ಇದು ಎರಡನೇದು" ಎಂದು ಲೆಕ್ಕವಿಡುವವರು ಬೇಕು. ಮಕ್ಕಳು ಮಾತೃಭಾಷೆ ಕಲಿತ ಹಾಗೆಯೇ ವಾದ್ಯ ಕಲಿಯಬೇಕೆಂದು ಹೇಳಿ ಚಿಕ್ಕ ಮಕ್ಕಳ ಪಿಟೀಲು ಪಾಠಕ್ಕೆ ಹೊಸ ದಾರಿ ಹಾಕಿದ ಜಪಾನಿನ ಶಿನಿಚಿ ಸುಜುಕಿ (1898-1998) ಕೂಡ ಮಾಡಿದ್ದು ಇದನ್ನೇ. ಅವರ ಪದ್ಧತಿಯಲ್ಲಿ ಅಪ್ಪನೋ ಅಮ್ಮನೋ ಕ್ಲಾಸಿಗೆ ಬಂದು ಕೂರಬೇಕು, ಒಂದೆರಡು ಪಾಠ ತಾವೂ ಕಲಿಯಬೇಕು, ಮನೆಯಲ್ಲಿ ಅವರೇ ಮೇಷ್ಟ್ರು. ಮೂರು ನಾಲ್ಕು ವರ್ಷದವರು ಅಲ್ಲಿ ಕಲಿಯುವುದರ ಗುಟ್ಟು ಮಗುವಿನ ವಯಸ್ಸಲ್ಲ, ಪಕ್ಕದ ಕುರ್ಚಿಯಲ್ಲಿ ಕೂತವರು.

ಮನೆಯ ಪರೀಕ್ಷೆಗೆ ಪ್ರಶ್ನೆ ನಾಲ್ಕೇ. ದಿನಾ ಕೂರುವವರು ಯಾರು, ಹೆಸರು ಹೇಳಿ. ಯಾವ ಹೊತ್ತಿಗೆ, ಗಂಟೆ ಹೇಳಿ. ಆ ಹೊತ್ತಿಗೆ ಟಿ.ವಿ. ಆಫ್ ಮಾಡಲು ಮನೆಮಂದಿ ಒಪ್ಪಿದ್ದಾರೆಯೇ? ಒಂದು ವರ್ಷದ ಫೀಸು ಬೇರೆ ಯಾವ ಖರ್ಚನ್ನೂ ಕಚ್ಚದೆ ಕೊಡಲಾಗುತ್ತದೆಯೇ? ಕಷ್ಟಪಟ್ಟು ಕೊಟ್ಟ ಫೀಸು ಮಗುವಿನ ಮೇಲೆ ಸಾಲದ ಹಾಗೆ ಕೂರುತ್ತದೆ. ಒಂದು ತಪ್ಪು ಸ್ವರ ಬಿದ್ದರೂ "ಎಷ್ಟು ದುಡ್ಡು ಸುರೀತಿದ್ದೀನಿ ಗೊತ್ತಾ?" ಎಂಬ ಮಾತು ಬಾಯಿಗೆ ಬಂದೇ ಬರುತ್ತದೆ.

ಕ್ಯಾಸಿಯೋ ಕೊಳ್ಳುವ ಮುನ್ನ

ಜನರ ಬಾಯಲ್ಲಿ ಕೀಬೋರ್ಡ್ ಎಂದರೆ ಯಾವ ಕಂಪನಿಯದಾದರೂ ಕ್ಯಾಸಿಯೋನೇ. ಮೊದಲ ದಿನವೇ ಹೋಗಿ ಕೊಂಡುಬಿಡುವುದು ಸಾಮಾನ್ಯ ತಪ್ಪು. ಆಟಿಕೆಯಂಥ ಪುಟ್ಟ ಮನೆಗಳ ಕೀಬೋರ್ಡಿನಲ್ಲಿ ಬೆರಳು ಪಳಗಿದರೆ ನಿಜವಾದ ಪಿಯಾನೋ ಮುಂದೆ ದಾರಿ ತಪ್ಪುತ್ತದೆ. ಮನೆಗಳು ಪೂರ್ತಿ ಅಗಲದವಾಗಿರಬೇಕು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಬೇಕು. ಶುರುವಿಗೆ 61 ಮನೆಯದು ಸಾಕು.

ಪೂರ್ತಿ ಪಿಯಾನೋದಲ್ಲಿ 88 ಮನೆ, ಬಿಳಿ 52, ಕರಿ 36. ಒಂದು ಮನೆ ಕೆಳಗಿಳಿಯಲು ಸುಮಾರು 50 ಗ್ರಾಂ ಭಾರ ಬೇಕು. ತಕ್ಕಡಿಯ 50 ಗ್ರಾಂ ಕಲ್ಲನ್ನು ಮಗುವಿನ ಕಿರುಬೆರಳಿನ ಮೇಲೆ ಇಟ್ಟು ನೋಡಿದರೆ ಅದು ಎಷ್ಟೆಂದು ಅರ್ಥವಾದೀತು. ಪಾಠ ಒಂದೆರಡು ವರ್ಷ ನಿಂತ ಮೇಲೆ ಭಾರದ ಮನೆಗಳಿರುವ ಡಿಜಿಟಲ್ ಪಿಯಾನೋ ಯೋಚಿಸಬಹುದು. ಅದು ಹತ್ತಾರು ಸಾವಿರದ ಮಾತು, ಮರದ ನಿಜ ಪಿಯಾನೋ ಲಕ್ಷಗಳ ಮಾತು. ಮೊದಲ ತಿಂಗಳಿಗೆ ಇವು ಯಾವುವೂ ಬೇಡ.

ಮೊದಲ ತಿಂಗಳು ಸಾಲ ತಂದದ್ದೋ, ಬಾಡಿಗೆಗೆ ತಂದದ್ದೋ, ನೆಂಟರ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿರುವುದೋ ಸಾಕು. ಗೋಡೆಯ ಕ್ಯಾಲೆಂಡರಿನಲ್ಲಿ, ಮಗು ತಾನಾಗಿ ಅಥವಾ ಒಂದೇ ಸಲ ಕರೆದಾಗ ಬಂದು ಕೂತ ದಿನಕ್ಕೆ ಒಂದು ಗುರುತು ಹಾಕಿ. 30 ದಿನದಲ್ಲಿ 20 ಗುರುತು ಬಿದ್ದರೆ ಅಂಗಡಿಗೆ ಹೋಗಿ. ಹತ್ತೂ ಬೀಳದಿದ್ದರೆ ದುಡ್ಡು ಉಳಿಯಿತೆಂದುಕೊಳ್ಳಿ. ಮೊದಲ ವಾರದ ಉತ್ಸಾಹ ಎಲ್ಲ ಮಕ್ಕಳಿಗೂ ಇರುತ್ತದೆ, ಹೊಸ ಸೈಕಲ್ಲಿಗೂ ಇರುತ್ತದೆ. ನೋಡಬೇಕಾದ್ದು ಮೂರನೇ ವಾರ.

ಕೂರಿಸುವುದರಲ್ಲೂ ಜಾಗ್ರತೆ ಬೇಕು. ಮೊಣಕೈ ಮನೆಗಳ ಮಟ್ಟಕ್ಕೆ ಬರುವಷ್ಟು ಎತ್ತರದ ಸೀಟು, ಜೋತಾಡುವ ಕಾಲಿಗೆ ಒಂದು ಮಣೆ. ಕಾಲು ಗಾಳಿಯಲ್ಲಿದ್ದರೆ ಬೆನ್ನು ಬಾಗುತ್ತದೆ, ಭುಜ ಬಿಗಿಯುತ್ತದೆ, ಹತ್ತೇ ನಿಮಿಷಕ್ಕೆ ಮಗು "ಸಾಕು" ಎನ್ನುತ್ತದೆ. ದೊಡ್ಡವರು ಅದನ್ನು ಸೋಮಾರಿತನವೆಂದು ತಿಳಿಯುತ್ತಾರೆ.

ಗ್ರೇಡಿನ ಭೂತ

ಲಂಡನ್ನಿನ ಎ.ಬಿ.ಆರ್.ಎಸ್.ಎಂ., ಟ್ರಿನಿಟಿ ಸಂಸ್ಥೆಗಳು ಭಾರತದಲ್ಲೂ ಪಿಯಾನೋ ಪರೀಕ್ಷೆ ನಡೆಸುತ್ತವೆ. ಶುರುವಿನ ಹಂತ ಬಿಟ್ಟರೆ ಒಂದರಿಂದ ಎಂಟರವರೆಗೆ ಗ್ರೇಡು. ಇಂಥ ವಯಸ್ಸಿಗೇ ಬರೆಯಬೇಕೆಂಬ ನಿಯಮವಿಲ್ಲ. ಪರೀಕ್ಷೆ ಕೆಟ್ಟದ್ದಲ್ಲ, ಒಂದು ಗುರಿ ಕೊಡುತ್ತದೆ. ಆದರೆ "ನಮ್ಮವಳು ಆಗಲೇ ಗ್ರೇಡ್ ಎರಡು" ಎಂದು ಮದುವೆ ಮನೆಯಲ್ಲಿ ಹೇಳಿಕೊಳ್ಳುವ ಆಸೆಗೆ ವರ್ಷವಿಡೀ ಮೂರೇ ಮೂರು ತುಣುಕು ಉರು ಹೊಡೆಸುವ ರೂಢಿ ಬಂದಿದೆ. ಅಂಥ ಮಗುವಿನ ಮುಂದೆ ಹೊಸ ಕಾಗದ ಇಟ್ಟರೆ ಒಂದು ಸಾಲೂ ಓದಲು ಬರುವುದಿಲ್ಲ. ಸರ್ಟಿಫಿಕೇಟು ಗೋಡೆ ಮೇಲೆ, ವಾದ್ಯ ಮಂಚದ ಕೆಳಗೆ.

ಮೇಷ್ಟ್ರನ್ನು ಆರಿಸುವಾಗ ಒಂದು ಗುರುತು ನೋಡಿಕೊಳ್ಳಿ. ಮಗುವನ್ನು ಹತ್ತು ನಿಮಿಷ ಮಾತಾಡಿಸಿ "ಇನ್ನೊಂದು ಆರು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ" ಎನ್ನುವವರು ಸಿಕ್ಕರೆ ಅವರನ್ನೇ ಹಿಡಿದುಕೊಳ್ಳಿ. ಬರುವ ಫೀಸನ್ನು ಬೇಡವೆಂದವರು, ಮುಂದೆ ಮಗುವಿಗೆ ಮೋಸ ಮಾಡುವವರಲ್ಲ. "ಈ ಮಾಲು ನಿಮಗೆ ಬೇಡ ಸ್ವಾಮಿ" ಎನ್ನುವ ಅಂಗಡಿಯವನ ಹತ್ತಿರವೇ ಅಲ್ಲವೇ ಗಿರಾಕಿ ಮತ್ತೆ ಮತ್ತೆ ಹೋಗುವುದು?

ಬಿಡಿಸುವುದೂ ಒಂದು ವಿದ್ಯೆ

ಇಷ್ಟೆಲ್ಲ ನೋಡಿ ಸೇರಿಸಿದರೂ ಸರಿಹೋಗದಿರಬಹುದು. ಕ್ಲಾಸಿನ ದಿನವೇ ಹೊಟ್ಟೆನೋವು, ಪುಸ್ತಕ ಕಾಣೆ, ನುಡಿಸುವಾಗ ಕಣ್ಣಲ್ಲಿ ನೀರು, ಇವು ಒಂದೆರಡು ವಾರವಲ್ಲ, ತಿಂಗಳುಗಟ್ಟಲೆ ನಡೆದರೆ ನಿಲ್ಲಿಸಬೇಕು. ನಿಲ್ಲಿಸುವಾಗ ಆಡುವ ಮಾತೇ ಮುಖ್ಯ. "ನಿನ್ನ ಕೈಲಿ ಆಗಲ್ಲ ಬಿಡು" ಎಂದರೆ ಬಾಗಿಲು ಮುಚ್ಚಿದ ಹಾಗೆ. "ಈಗ ಸ್ವಲ್ಪ ದಿನ ರಜಾ ಪುಟ್ಟ, ನಿನಗೆ ಬೇಕು ಅನ್ನಿಸಿದಾಗ ಮತ್ತೆ ಹೋಗೋಣ" ಎಂದರೆ ಬಾಗಿಲು ತೆರೆದೇ ಇರುತ್ತದೆ. ವಾದ್ಯವನ್ನು ಅಟ್ಟಕ್ಕೆ ಹಾಕಬೇಡಿ, ಕೈಗೆಟುಕುವಲ್ಲಿ ಇರಲಿ. ವರ್ಷದ ಮೇಲೆ ತಾನಾಗಿ ಹೋಗಿ ಒಂದು ಸಿನಿಮಾ ಹಾಡಿನ ಮೊದಲ ಸಾಲು ಹುಡುಕುವ ಮಕ್ಕಳು ಬೇಕಾದಷ್ಟಿವೆ.

ಆಸೆ ಯಾರದು?

ಕೊನೆಗೆ ಉಳಿಯುವ ಪ್ರಶ್ನೆ ಸ್ವಲ್ಪ ಕಷ್ಟದ್ದು. ಪಿಯಾನೋ ಬೇಕೆಂದದ್ದು ಮಗುವೋ, ಅಪ್ಪನೋ? ಚಿಕ್ಕಂದಿನಲ್ಲಿ ಆರ್ಕೆಸ್ಟ್ರಾದವರು ಬಂದಾಗ ಸ್ಟೇಜಿನ ಪಕ್ಕ ನಿಂತು ಕೀಬೋರ್ಡ್ ನುಡಿಸುವವನ ಕೈಯನ್ನೇ ಬಾಯಿಬಿಟ್ಟುಕೊಂಡು ನೋಡಿದವರು, ಮನೆಯಲ್ಲಿ ಕೇಳಲು ಧೈರ್ಯವಿಲ್ಲದೆ ಅಂಗಡಿಯ ಗಲ್ಲಾ ಮೇಲೆ ಕೂತವರು ಇವತ್ತು ಅಪ್ಪಂದಿರಾಗಿದ್ದಾರೆ. ಅವರ ಆಸೆಯಲ್ಲಿ ತಪ್ಪೇನೂ ಇಲ್ಲ. ತಮ್ಮ ಆಸೆಯನ್ನು ನಾಲ್ಕು ವರ್ಷದ ಮಗುವಿನ ಹೆಗಲಿಗೆ ಹಾಕಿ, ಅದು ಹೊರಲಿಲ್ಲವೆಂದು ಬೈಯುವುದು ಮಾತ್ರ ಅನ್ಯಾಯ.

ಪೋಲೆಂಡಿನ ಪಡೆರೆವ್‌ಸ್ಕಿ ಚಿಕ್ಕಂದಿನಲ್ಲಿ ಅಷ್ಟಿಷ್ಟು ಕಲಿತಿದ್ದರೂ 1884ರಲ್ಲಿ, 24ನೇ ವಯಸ್ಸಿಗೆ ವಿಯೆನ್ನಾಕ್ಕೆ ಹೋಗಿ ದೊಡ್ಡ ಗುರುವಿನ ಮುಂದೆ ಮೊದಲಿನಿಂದ ಬೆರಳು ತಿದ್ದಿಸಿಕೊಂಡವರು. ಜಗತ್ಪ್ರಸಿದ್ಧ ಪಿಯಾನಿಸ್ಟರಾದರು. 1919ರಲ್ಲಿ ತಮ್ಮ ದೇಶದ ಪ್ರಧಾನಿಯೂ ಆದರು. ಎಲ್ಲರೂ ಪಡೆರೆವ್‌ಸ್ಕಿ ಆಗಬೇಕಿಲ್ಲ. ಆದರೆ ನಲವತ್ತರ ಅಪ್ಪ ಅಂಗಡಿಗೆ ವಾರದ ರಜೆಯಿರುವ ದಿನ ತಾನೇ ಕ್ಲಾಸಿಗೆ ಸೇರಿ, ಎರಡು ಕೈ ಕೂಡಿಸಲಾಗದೆ ಒದ್ದಾಡಿ, ಬೆಳಿಗ್ಗೆ ಮಗುವಿನ ಕಣ್ಣೆದುರು ಕಾಲು ಗಂಟೆ ಕೂತರೆ ಎರಡು ಲಾಭವಿದೆ. ಅಪ್ಪನ ಆಸೆ ಅಪ್ಪನಿಗೇ ತೀರುತ್ತದೆ. ಮಗು ಪಕ್ಕದಲ್ಲಿ ಬಂದು "ಸರ್ಕೊಳಪ್ಪಾ, ನಾನೂ ಒಂದ್ಸಲ ನುಡಿಸ್ತೀನಿ" ಎಂದರೆ, ಅದು ಎಷ್ಟು ವರ್ಷದ್ದೇ ಇರಲಿ, ಪಾಠಕ್ಕೆ ಹೊತ್ತಾಯಿತೆಂದೇ ಲೆಕ್ಕ.